ಗೇಟಿಗೆ ಅಡ್ಡ ನಿಂತ ಲಿಯಾಬಿನಾ

“ಲಿಯಾಬಿನಾ ಲಂಗ ಉಡೋದಿಲ್ಲ, ಆತೆ! ಚಡ್ಡಿ! ಕೆಂಪು ಚಡ್ಡಿ!”

ಲಾರಿಯನ್ನು ಅರ್ಧ ಗೇಟು ದಾಟಿಸಿ ಗಕ್ಕನೆ ಬ್ರೇಕ್ ಒತ್ತಿದ ಚಾಲಕ ಎಸ್ತೊಂಗ್, ಕಿಟಕಿಯಿಂದ ತಲೆ ಹಾಕಿ ಆಡಿದ ಮೊದಲ ಮಾತು ಇದು. ‘ದಾರಿ ಬಿಡಿ’ ಅನ್ನಲಿಲ್ಲ. ಲಾರಿಯ ಮೂತಿಯ ಮುಂದೆ, ತೊಟ್ಟ ಲಂಗದ ತುಂಬ ಗುಂಡುಸೂಜಿ ಚುಚ್ಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಕೊರಿಂಗ್ ನಿಂತಿದ್ದಳು. ಕಾರ್ಖಾನೆಯ ಹಿರಿಯಕ್ಕ, ಎಲ್ಲರಿಗೂ ಆತೆ. ಮೇ ಒಂದರ ಮೆರವಣಿಗೆಗೆ ಹೊಲಿಯುತ್ತಿದ್ದ ಲಿಯಾಬಿನಾ ವೇಷದ ಅಳತೆ ನೋಡುತ್ತಿರುವಾಗಲೇ ಗೇಟು ತೆರೆದಿತ್ತು. ಕಳಚಿಡಲು ಪುರುಸೊತ್ತು ಸಿಕ್ಕಿರಲಿಲ್ಲ.

ಮುಷ್ಕರ ಹೂಡಿದವರೆಲ್ಲ ಅವತ್ತು ವಿಚಾರಣೆಗೆಂದು ಕಾರ್ಮಿಕ ಇಲಾಖೆಗೆ ಹೋಗಿದ್ದರು. ಮರಿಕಿನಾದ ಆ ಶೂ ಕಾರ್ಖಾನೆಯ ಮುಂದಿನ ಟಾರ್ಪಾಲಿನ ಕೆಳಗೆ ಉಳಿದಿದ್ದವರು ಇಬ್ಬರೇ: ಕೊರಿಂಗ್ ಮತ್ತು ಅಟ್ಟೆ ಅಂಟಿಸುವ ಗ್ಲೆಂಡಾ. ಇದನ್ನು ನೋಡಿಕೊಂಡೇ ಮಾಲೀಕರು ಹೊಲಿಗೆ ಯಂತ್ರಗಳನ್ನು ಲಾರಿಗೆ ಹೇರಿಸಿದ್ದರು. ಯಂತ್ರ ಹೋದರೆ ಕಾರ್ಖಾನೆ ಹೋದ ಹಾಗೆ. ಆಮೇಲೆ ವಿಚಾರಣೆಯಲ್ಲಿ ಗೆದ್ದವರು ಗಾಳಿಯಲ್ಲಿ ಶೂ ಹೊಲಿಯಬೇಕು.

“ಚಡ್ಡಿ ಹಾಕಿದ್ದು ಜಿಂಕಿ ಕಣಪ್ಪಾ,” ಎಂದಳು ಕೊರಿಂಗ್, ಕದಲದೆ. “ನಮ್ಮ ಲಿಯಾಬಿನಾ ಪೆರ್ಲಿತಾ. ಲಂಗ ಎತ್ತಿ ಕಟ್ಟಿ, ಜಮೀನ್ದಾರನ ಬಟ್ಟೆ ಜೊತೆ ಜಮೀನ್ದಾರನ್ನೂ ಒಗೆದವಳು. ಹಾರಾಡಿ ಬಂದು, ಉಳಿದ ಬಟ್ಟೆ ಹಿಂಡಿ ಒಣಹಾಕಿದ್ದು ಅವಳೊಬ್ಳೇ.”

“ಹಾರಿದ್ದಾ ಅದು? ಮಂಚದಿಂದ ಇಳಿದ ಹಾಗಿತ್ತು!”

ಬಟ್ಟೆ ಬಡಿಯುವ ಕೋಲೆತ್ತಿದರೆ ಮೈಗೆಲ್ಲ ಬೆಂಕಿ ಹತ್ತಿ ಆಕಾಶಕ್ಕೇರುವ ಬಡವಿ ಲಿಯಾಬಿನಾ ಕಾಮಿಕ್ಸ್ ಪುಸ್ತಕದಿಂದ ತೆರೆಗೆ ಬಂದದ್ದು ಮೂವರು ನಟಿಯರ ಮೈಯಲ್ಲಿ: ಮೊದಲು ಪೆರ್ಲಿತಾ, ಆಮೇಲೆ ಜಿಂಕಿ, ಕೊನೆಗೆ ಟೀವಿಯಲ್ಲಿ ಅಲೆಸ್ಸಾ. ನಮ್ಮಲ್ಲಿ ಒಬ್ಬರ ವಯಸ್ಸು ತಿಳಿಯಬೇಕಾದರೆ ನಿನ್ನ ಲಿಯಾಬಿನಾ ಯಾರೆಂದು ಕೇಳಿದರೆ ಸಾಕು. ಸತ್ತವರ ಮನೆಯಲ್ಲೂ ಈ ಜಗಳಕ್ಕೆ ರಜೆಯಿಲ್ಲ.

ಮ್ಯಾನೇಜರ್ ಬೆನಿತೆಸ್ ಓಡಿಬಂದರು. “ಲಾರಿ ಯಾಕೆ ನಿಂತಿದೆ?”

“ಲಿಯಾಬಿನಾ ಯಾರು ಅಂತ ತೀರ್ಮಾನ ಆಗ್ಬೇಕಿತ್ತು ಸರ್,” ಎಂದಳು ಗ್ಲೆಂಡಾ.

“ಅದೂ ಒಂದು ಪ್ರಶ್ನೆನಾ? ಅಲೆಸ್ಸಾ!” ಎಂದುಬಿಟ್ಟರು ಬೆನಿತೆಸ್. ಮಾತು ಬಾಯಿಂದ ಜಾರಿಹೋಗಿತ್ತು.

“ಟೀವಿ ಅಲೆಸ್ಸಾನಾ!” ಕೊರಿಂಗ್ ಮತ್ತು ಎಸ್ತೊಂಗ್ ಒಟ್ಟಿಗೇ ಹೊಟ್ಟೆ ಹಿಡಿದು ನಕ್ಕರು.

“ಸರ್, ಅವಳ ಉಗುರು ನೋಡಿದೀರಾ?” ಗ್ಲೆಂಡಾ ಕೇಳಿದಳು. “ಆ ಕೈಯಲ್ಲಿ ಅವಳು ಒಂದು ಕರ್ಚೀಫ್ ಒಗೆದಿದ್ರೆ ನಾನು ಇವತ್ತೇ ಸಂಘ ಬಿಡ್ತೀನಿ.”

“ಅವಳಿಗೆ ಕವಚ ಇತ್ತು! ಕಂಪ್ಯೂಟರ್ ಬೆಂಕಿ! ಮೇಯರ್ ಮಗಳನ್ನ ಕಾಪಾಡೋ ಸೀನಲ್ಲಿ...”

“ಅದೇ ಸರ್. ಅವಳು ಬರೀ ಮೇಯರ್ ಮಗಳನ್ನೇ ಕಾಪಾಡೋದು.”

ಇಂಜಿನ್ನಿನ ಗಲಾಟೆಯಲ್ಲಿ ವಾದ ಸರಿಯಾಗಿ ಕೇಳುತ್ತಿರಲಿಲ್ಲ. ಎಸ್ತೊಂಗ್ ಅದನ್ನು ಆರಿಸಿ ಕೆಳಗೆ ಧುಮುಕಿದ. “ಯಾರು ಏನೇ ಹೇಳಿ. ಜಿಂಕಿ ಚಿತ್ರದಲ್ಲಿ ಇಗರ್ಜಿಯ ಗಂಟೆಗೋಪುರದಿಂದ ಹಾರೋದು ಇದೆಯಲ್ಲ, ಹಾಗೆ ಇನ್ನೊಬ್ರು ಹಾರಿ ತೋರಿಸ್ಲಿ.”

“ಅದು ಜಿಂಕಿ ಅಲ್ಲ ಅಣ್ಣಾ,” ಗ್ಲೆಂಡಾ ಕಾಲೆಳೆದಳು. “ಯಾರೋ ಬದಲಿ ಹುಡುಗಿ. ಬರೀ ಬೆನ್ನು ಕಾಣುತ್ತೆ.”

“ಗೊತ್ತಮ್ಮ. ಆ ಬೆನ್ನು ನಮ್ಮನೆಯೋಳದು.”

ಕೊರಿಂಗ್ ಸೊಂಟದ ಮೇಲಿನ ಕೈ ಇಳಿಸಿದಳು.

“ನಿಜವಾಗ್ಲೂ?” ಕೊರಿಂಗ್ ಕೇಳಿದಳು.

“ಚಾಯೊಂಗ್ ಅಂತ, ನನ್ನ ಹೆಂಡ್ತಿ. ತಂತಿ ಕಳಚ್ತು, ಬಿದ್ಲು. ಜಿಂಕಿಗೆ ಪ್ರಶಸ್ತಿ ಬಂತು, ಇವಳ ಮೊಣಕಾಲಿಗೆ ಕಬ್ಬಿಣ ಬಂತು. ಹೆಸರು ತೆರೆ ಮೇಲೆ ಬರಲಿಲ್ಲ. ಈಗ್ಲೂ ಮೋಡ ಕಟ್ಟಿದ್ರೆ ‘ಲಿಯಾಬಿನಾಗೆ ಮಂಡಿನೋವು, ನೀನೇ ಅನ್ನ ಮಾಡು’ ಅಂತ ಕೂತ್ಬಿಡ್ತಾಳೆ.”

“ಕಂಪನಿಯೋರು ಏನೂ ಕೊಡ್ಲಿಲ್ವಾ?”

“ಕೇಳೋಣ ಅಂತ ಹೋದ್ವಿ. ಸ್ಟುಡಿಯೋಗೆ ಬೀಗ. ಕ್ಯಾಮೆರಾ, ದೀಪ, ಕುರ್ಚಿ ಸಮೇತ ಎಲ್ಲ ಲಾರಿಗೆ ಹೇರ್ಕೊಂಡು...”

ಎಸ್ತೊಂಗ್ ಮಾತು ಅಲ್ಲಿಗೇ ನಿಂತಿತು. ತಿರುಗಿ ತನ್ನ ಲಾರಿಯನ್ನು ನೋಡಿದ. ಹಗ್ಗ ಬಿಗಿದ ಹೊದಿಕೆಯ ಸಂದಿಯಿಂದ ಒಂದು ಹೊಲಿಗೆ ಯಂತ್ರದ ಗಾಲಿ ಇಣುಕುತ್ತಿತ್ತು. ಮುಷ್ಕರದವರು ತಿಂಗಳುಗಟ್ಟಲೆ ಧ್ವನಿವರ್ಧಕದಲ್ಲಿ ಅರಚಿಕೊಂಡದ್ದನ್ನು ಅವನೊಬ್ಬನೇ ಮೆಲ್ಲಗೆ ಹೇಳಿ ಮುಗಿಸಿದ್ದ.

“ಕಥೆ ಸಾಕು, ಹತ್ತು,” ಎಂದರು ಬೆನಿತೆಸ್. “ನಿನ್ನ ಕೆಲಸ ನೆನಪಿರ್ಲಿ.”

ಎಸ್ತೊಂಗ್ ಲಾರಿಯ ಕೀಲಿಯನ್ನು ಜೇಬಿಗಿಳಿಸಿ ಫೋನು ತೆಗೆದ. “ಚಾಯೊಂಗ್, ಸೂಜಿ, ದಾರ, ಕತ್ತರಿ ತಗೊಂಡು ಶೂ ಕಾರ್ಖಾನೆ ಹತ್ರ ಬಾ. ಇಲ್ಲಿ ನಿನ್ನ ವೇಷ ಹಾಳು ಮಾಡ್ತಿದಾರೆ.”

“ನಾನು ಲಂಗ ಬಿಚ್ಚೋಳಲ್ಲ ಮತ್ತೆ!” ಕೊರಿಂಗ್ ಎಚ್ಚರಿಸಿದಳು.

“ಅದನ್ನ ಅವಳ ಹತ್ರ ಹೇಳಿ ಆತೆ, ನಾನು ಮಧ್ಯ ಬರಲ್ಲ. ನಿಮ್ಮಿಬ್ಬರ ಜಗಳ ಮುಗಿಯೋ ಹೊತ್ತಿಗೆ ನಿಮ್ಮೋರೆಲ್ಲ ವಾಪಸ್ ಬಂದಿರ್ತಾರೆ.”

ಹಾಗೆಂದವನೇ ಚರಂಡಿಯ ಅಂಚಿನಿಂದ ದಪ್ಪ ಕಲ್ಲೆರಡನ್ನು ಹೊತ್ತು ತಂದು, ಮುಂದಿನ ಚಕ್ರಗಳಿಗೆ ಒಂದೊಂದಾಗಿ ಒತ್ತುಕೊಟ್ಟು ಕೈ ಝಾಡಿಸಿಕೊಂಡ.

“ಅದ್ಯಾಕೋ ಕಲ್ಲು?” ಬೆನಿತೆಸ್ ಕಿರುಚಿದರು.

“ಇಳಿಜಾರಲ್ವಾ ಸರ್. ಗಾಡಿ ಜಾರಿಬಿಟ್ರೆ ಕಷ್ಟ.”

ರಸ್ತೆ ಕಾವಲಿಯಷ್ಟು ಸಪಾಟಾಗಿತ್ತು.