ಮುಗಿಸಬಾರದ ಆನೆ

"ಅಲ್ರೀ ಯಜಮಾನ್ರ, ದೀಪಾವಳಿಗೆ ಬಂದಾಗ ಇದು ಕುದುರಿ ಇತ್ತು. ಅದಕ್ಕೂ ಮೊದ್ಲು ಬಂದಾಗ ಆನಿ. ಈಗೇನ್ರಿ ಇದು, ಇಲಿ?"

ಗುಡ್ನಾಪುರದ ಪಾರ್ವತವ್ವ ಶಿರಸಿಯ ಆ ಗೊಂಬೆ ಶೋರೂಮಿನ ಬಾಗಿಲಲ್ಲಿ ಕೈಚೀಲ ಇಳಿಸಿ ಕೇಳಿದಳು. ಮಗಳ ಮನೆಗೆ ಬಂದಾಗಲೆಲ್ಲ, ತಿರುಗಿ ಹೋಗುವ ಬಸ್ಸು ಬರುವತನಕ ಅವಳು ನಿಲ್ಲುವುದು ಅಲ್ಲಿಯೇ. ಚಾಪೆಯ ಮೇಲೆ ಕೆತ್ತುತ್ತಾ ಕುಳಿತಿದ್ದ ಶಾಂತಾರಾಮ ಗುಡಿಗಾರ ಉಳಿ ಬದಿಗಿಟ್ಟು ನಕ್ಕ.

"ಇಲಿಯೇ ಅಮ್ಮಾ. ನಡುವೆ ನಾಯಿನೂ ಆಗಿತ್ತು. ಆಗ ನೀವು ಬರ್ಲಿಲ್ಲ."

ಕಪಾಟಿನ ಗೊಂಬೆಗಳ ಧೂಳು ಒರೆಸುತ್ತಿದ್ದ ದೇವಕಿಗೆ ನಗು ತಡೆಯಲಾಗಲಿಲ್ಲ. "ನಾಳೆ ಬಂದಿದ್ರೆ ಇರುವೆ ನೋಡ್ತಿದ್ರಿ" ಅಂದಳು.

ನಾಳೆ ಬಂದರೆ ಶಾಂತಾರಾಮನೇ ಇರುವುದಿಲ್ಲ. ಆ ಗೊಂಬೆ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಇವತ್ತೇ ಕೊನೆಯ ದಿನ. ಹಳೇ ಯಜಮಾನರು ಇದ್ದಾಗ ಅಲ್ಲೊಂದು ಕ್ರಮವಿತ್ತು. ಯಾವ ಗೊಂಬೆಯೇ ಆಗಲಿ, ಎಲ್ಲ ಕೆತ್ತಿಯಾದ ಮೇಲೆ ಕೊನೆಗೆ ಕಣ್ಣು ಬಿಡಿಸುವುದು. ಕಣ್ಣು ಬಿಟ್ಟಿತೆಂದರೆ ಮುಗಿಯಿತು. ಅಡಿಯಲ್ಲಿ ಕಂಪನಿಯ ಹೆಸರು ಕೊರೆದು, ಪಕ್ಕದಲ್ಲಿ ಕೆತ್ತಿದವನ ಹೆಸರನ್ನೂ ಕೊರೆದು, ಇಡೀ ಕಾರ್ಖಾನೆಗೆ ಬೆಲ್ಲ ಹಂಚಬೇಕು. ಬೆಲ್ಲದ ಡಬ್ಬಿ ಇರುತ್ತಿದ್ದದ್ದು ದೇವಕಿಯ ಹತ್ತಿರ. ಯಜಮಾನರ ಮೊಮ್ಮಗ ಕಾರ್ತಿಕನ ಕೈಗೆ ಎಲ್ಲ ಬಂದ ಮೇಲೆ ಕಾರ್ಖಾನೆ ಮುಚ್ಚಿತು, ಶೋರೂಮು ತೆರೆಯಿತು. ಎಲ್ಲಿಯೋ ಅಚ್ಚಿನಲ್ಲಿ ಒತ್ತಿದ ಆನೆಗಳು ಲಾರಿಯಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದವು, ಹುಟ್ಟುವಾಗಲೇ ಕಣ್ಣು ಬಿಟ್ಟುಕೊಂಡು. ಅವುಗಳ ಅಡಿಗೆ ಕಂಪನಿಯ ಚೀಟಿ ಅಂಟಿಸುವ ಕೆಲಸ ದೇವಕಿಗೆ ಬಂತು. ಶಾಂತಾರಾಮನಿಗೆ ಬಾಗಿಲಲ್ಲಿ ಚಾಪೆ ಹಾಸಿಕೊಟ್ಟರು. ಜೋಗಕ್ಕೆ, ಬನವಾಸಿಗೆ ಹೋಗುವ ಜನ ಉಳಿಗೆ ಬಡಿಯುವ ಕೊಡತಿಯ ಸದ್ದು ಕೇಳಿ ಒಳಗೆ ಬರಲಿ ಎಂದು.

ಮೊದಲ ತಿಂಗಳು ಅವನೊಂದು ಆನೆ ಮುಗಿಸಿದ್ದ. ಬಂದವರೆಲ್ಲ ನಮಗೆ ಅಂಥದ್ದೇ ಬೇಕು ಅಂದರು, ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಕಾರ್ತಿಕ ಕ್ಯಾಬಿನ್ನಿನಿಂದ ಓಡಿಬಂದ.

"ಕೆತ್ತುತ್ತಾ ಇರಿ, ಮುಗಿಸಬೇಡಿ. ಕಣ್ಣಂತೂ ಬಿಡಿಸಲೇಬೇಡಿ."

"ಮತ್ತೆ ನಾ ಎಂತ ಮಾಡೂದು ಸರ್?"

"ಸದ್ದು ಮಾಡಿ. ಅಷ್ಟೇ ಸಾಕು."

ಆ ಮಧ್ಯಾಹ್ನ ಶಾಂತಾರಾಮ ಬುತ್ತಿ ಬಿಚ್ಚಲಿಲ್ಲ. "ಹೋಗ್ಲಿ ಬಿಡು ಶಾಂತಣ್ಣ, ಒಂದು ಹಲಗೆ ಇಟ್ಕೊಂಡು ಬಡೀತಾ ಇರು" ಎಂದು ದೇವಕಿ ಸಮಾಧಾನ ಹೇಳಿದಳು. "ಬರೀ ಬಡೀಲಿಕ್ಕೆ ನಾ ಎಂತ ಶಾಲೆ ಗಂಟೆಯಾ?" ಎಂದು ಅವನು ಶಿವಣೆ ಮರದ ಹೊಸ ತುಂಡೊಂದನ್ನು ಎತ್ತಿಕೊಂಡು ಆನೆ ಶುರುಮಾಡಿದ. ಉಳಿ ತಾಗಿದ ಮೇಲೆ ಚಕ್ಕೆ ಏಳಲೇಬೇಕಲ್ಲ! ಒಂದೂವರೆ ವರ್ಷದಲ್ಲಿ ಸೊಂಡಿಲು ಹೋಗಿ ಕುದುರೆಯ ಮುಖ ಬಂತು, ಕುದುರೆ ಸವೆದು ನಾಯಿಯಾಯಿತು. ಒಂದಕ್ಕೂ ಕಣ್ಣಿಲ್ಲ. ಸದ್ದು ಕೇಳುತ್ತಿದ್ದುದರಿಂದ ಕಾರ್ತಿಕ ನೋಡುವ ಗೊಡವೆಗೆ ಹೋಗಲಿಲ್ಲ.

"ಹೋಗೂಕಿಂತ ಮೊದ್ಲು ಒಂದಾದ್ರೂ ಮುಗಿಸ್ಬೇಕು ದೇವಕಿ" ಎಂದು ವಾರದಿಂದ ಅವನದು ಒಂದೇ ಜಪ. "ಇಲ್ದಿದ್ರೆ ಕಡೇಗೆ ಎಂತ ಕೆತ್ತಿದ್ಯೋ ಅಂತ ಯಾರಾದ್ರೂ ಕೇಳಿದ್ರೆ, ಸದ್ದು ಅನ್ನಬೇಕಾಗ್ತದೆ."

ಪಾರ್ವತವ್ವನ ಬಸ್ಸು ಬರುವ ಮೊದಲೇ, ನಾಲ್ಕು ಗಂಟೆಗೆ ಕಾರ್ತಿಕ ಹೊರಗೆ ಬಂದ. ಅದೇ ಹೊತ್ತಿಗೆ ಪ್ರವಾಸಿಗರ ಬಸ್ಸೊಂದು ನಿಂತು ಜನ ಇಳಿದಿದ್ದರು. ಎಲ್ಲರೂ ನೋಡಲೆಂದು ಅವರ ಎದುರಿಗೇ ಶಾಂತಾರಾಮನಿಗೆ ಶಾಲು ಹೊದೆಸಿದ. ನೆನಪಿನ ಕಾಣಿಕೆ ಎಂದು ಕಪಾಟಿನಿಂದ ಒಂದು ಅಚ್ಚಿನ ಆನೆ ತೆಗೆದುಕೊಟ್ಟ. ಅದರ ಚೀಟಿಯ ಗೋಂದು ಇನ್ನೂ ಹಸಿ ಇತ್ತು. ದೇವಕಿ ಆಚೆ ನೋಡಿದಳು.

"ಒಂದು ನಿಮಿಷ ಸರ್" ಎಂದ ಶಾಂತಾರಾಮ ಕುಕ್ಕರುಗಾಲಲ್ಲಿ ಕುಳಿತ. ಎಲ್ಲಕ್ಕಿಂತ ಸಣ್ಣ ಉಳಿ ಆರಿಸಿದ. ಉಸಿರು ಬಿಗಿಹಿಡಿದು ಇಲಿಯ ಮುಖದ ಎಡಕ್ಕೊಂದು, ಬಲಕ್ಕೊಂದು, ಎರಡೇ ಎರಡು ಚುಕ್ಕಿ ಒತ್ತಿದ. ಆಮೇಲೆ ಮಗುಚಿ, ಅಡಿಯಲ್ಲಿ ಎಂತದ್ದೋ ಕೊರೆದು, ಊದಿ, ಅಂಗೈ ಮೇಲೆ ನಿಲ್ಲಿಸಿ ಎಲ್ಲರಿಗೂ ತೋರಿಸಿದ.

"ಅಯ್ಯ ನಮ್ಮವ್ವ! ನನ್ನ ಚೀಲಾನೇ ನೋಡಾಕತ್ತೈತಲ್ರಿ!" ಎಂದು ಪಾರ್ವತವ್ವ ಚೀಲವನ್ನು ಎದೆಗೆ ಅವಚಿಕೊಂಡಳು. ಬಸ್ಸಿನವರು ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ದೇವಕಿ ಒಳಗೆ ಓಡಿದವಳು ತುಕ್ಕು ಹಿಡಿದ ಡಬ್ಬಿಯ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಪುತ್ತಾ ಬಂದಳು. ಬೆಲ್ಲ ಹೊಸದು, ಬೆಳಿಗ್ಗೆಯೇ ತಂದು ಅಡಗಿಸಿಟ್ಟಿದ್ದಳು. ಎಂತಕ್ಕೆ ಕೊಟ್ಟಳೆಂದು ಗೊತ್ತಿಲ್ಲದವರೂ ಬಾಯಿಗೆ ಹಾಕಿಕೊಂಡರು. ಚಿಕ್ಕಂದಿನಲ್ಲಿ ಅಜ್ಜನ ಪಂಚೆ ಹಿಡಿದುಕೊಂಡು ಇದೇ ಬೆಲ್ಲಕ್ಕೆ ಬರುತ್ತಿದ್ದ ಕಾರ್ತಿಕನ ಕೈಯೂ ತಾನಾಗಿ ಮುಂದೆ ಬಂತು. ಒಂದು ತುಂಡು ತಿಂದು ಮತ್ತೆ ಚಾಚಿದ.

"ನಿಂದು ಆಯ್ತಲ್ಲ ತಮಾ! ಆಗ್ಲೂ ಹೀಗೇ, ಎರಡೆರಡು ಸಲ" ಎಂದಳು ದೇವಕಿ. ಆಗ ಕರೆಯುತ್ತಿದ್ದಂತೆಯೇ ತಮ್ಮ ಎಂದು ಕರೆದವಳಿಗೆ ಸರ್ ಅನ್ನುವುದು ಮರೆತೇ ಹೋಗಿತ್ತು.

ಕಾರ್ತಿಕ ಕೆಂಪಾಗಿ, ಬೆರಳು ಒರೆಸಿಕೊಂಡು ಇಲಿಯನ್ನು ಎತ್ತಿಕೊಂಡ. ಹೆಬ್ಬೆಟ್ಟಿನಷ್ಟು ಇದ್ದ ಅದನ್ನು ಬೆಳಕಿಗೆ ಹಿಡಿದ. ಒಂದೂವರೆ ವರ್ಷದಲ್ಲಿ ಅವನು ಅದನ್ನು ನೋಡಿದ್ದು ಅದೇ ಮೊದಲು. ಮೀಸೆಯ ಗೆರೆ ನೋಡಿದ, ಬಾಲದ ಸುರುಳಿ ನೋಡಿದ. ಆಮೇಲೆ ಮಗುಚಿದ. ಅಡಿಯಲ್ಲಿ 'ಶಾಂ' ಎಂದು ಒಂದೇ ಅಕ್ಷರ.

"ಕಂಪನಿ ಹೆಸರೆಲ್ಲಿ?"

ಶಾಂತಾರಾಮ ಎದ್ದು ನಿಂತು, ಹೊಸ ಶಾಲಿಗೆ ಅಂಟಿದ ಚಕ್ಕೆಗಳನ್ನು ಕೊಡವಿಕೊಂಡ.

"ಆನೆ ಇದ್ದಾಗ ಎರಡು ಹೆಸರಿಗೂ ಜಾಗ ಇತ್ತು, ತಮಾ."