ಹಂಡೆಯ ಒಲೆಗೆ ಹೋದ ಕಾದಂಬರಿ

ಕಾಗದ ಸುಟ್ಟ ವಾಸನೆಗೆ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ.

ಸರೋಜತ್ತೆಯ ಮೊದಲ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದ ದಿನ, ಅವಳ ಅಪ್ಪ, ನನ್ನ ತಾತ, ಜೀಪಿನಲ್ಲಿ ಬಾಳ್ಳುಪೇಟೆಗೆ ಹೋಗಿ ಅಂಗಡಿಯಲ್ಲಿದ್ದ ಅಷ್ಟೂ ಪ್ರತಿಗಳನ್ನು ಕೊಂಡು ತಂದರು. ನೆಂಟರಿಗೆ ಹಂಚಲಿಕ್ಕಿರಬೇಕು ಎಂದು ಅತ್ತೆ ಹಿಗ್ಗಿದಳು. ತಾತ ಕಟ್ಟನ್ನು ಬಚ್ಚಲಿಗೆ ಒಯ್ದು ಹಂಡೆಯ ಒಲೆಯೆದುರು ಬಿಸಾಕಿದರು. ಒಂದು ಸಾಲನ್ನೂ ಓದಿರಲಿಲ್ಲ ಆ ಮನುಷ್ಯ.

“ನಮ್ಮನೆ ಹೆಣ್ಣಿನ ಹೆಸರು ಅಂಗಡೀಲಿ ನೇತಾಡ್ತಾ ಐತೆ. ನೀನೇ ಒಲೆಗಾಕು.”

ಅತ್ತೆ ಒಂದೊಂದಾಗಿ ಹಾಕಿದಳು. ತನ್ನ ಹೆಸರಿದ್ದ ಪುಟ ಸುರುಳಿಯಾಗುವುದನ್ನು ನೋಡುತ್ತ ಕೂತಳು. ತಾತ ಎರಡು ಚೊಂಬು ಹೊಯ್ದುಕೊಂಡು ಕರೆದರು: “ನೀರು ಒಳ್ಳೆ ಹದಕ್ಕೆ ಕಾದೈತೆ ಕಣವ್ವ. ಬಾ, ಬೆನ್ನುಜ್ಜು.”

ಅತ್ತೆ ಮಸಿಯಾದ ಕೈ ತೊಳೆದುಕೊಂಡು ಹೋಗಿ ಉಜ್ಜಿದಳು. ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದವಳು ನಾನು.