ನಿವೇದಿತಾಳ ಗುಡ್ ಮಾರ್ನಿಂಗು

ಬಸ್ಸಿನ ಮೆಟ್ಟಿಲು ಹತ್ತಿದ್ದೇ ತಡ, ನಿವೇದಿತಾ ಎಂದಿನಂತೆ ಎಲ್ಲರಿಗೂ ಕೇಳುವ ಹಾಗೆ "ಗುಡ್ ಮಾರ್ನಿಂಗ್" ಎಂದಳು. ಯಾರೂ ಕತ್ತೆತ್ತಲಿಲ್ಲ. ಮುಂದಿನ ಸೀಟಿನ ಕಾಲೇಜು ಹುಡುಗನ ಎರಡೂ ಕಿವಿಯಲ್ಲಿ ಇಯರ್‌ಬಡ್ಡು, ಕಣ್ಣು ಫೋನಿನ ಮೇಲೆ. ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗು ಕಂಡು ತಾಯಿ ಸುಗುಣಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎಂಟು ವರ್ಷದ ಹುಡುಗಿಯ ತಪ್ಪೇನೂ ಇರಲಿಲ್ಲ ಬಿಡಿ. ಅವಳು ಹುಟ್ಟಿ ಬೆಳೆದದ್ದು ಕೆರಿಬಿಯನ್ನಿನ ಗ್ರೆನಡಾ ದ್ವೀಪದಲ್ಲಿ. ಅಪ್ಪ ಯತೀಶ್ ಅಲ್ಲಿ ಮೆಡಿಕಲ್ ಕಾಲೇಜಿನ ಮೇಷ್ಟ್ರು. ಈಗ ಅವನಿಗೆ ಅಮೆರಿಕದ ಫಾಸ್ಟರ್ ಸಿಟಿಯ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಮೂವರೂ ಬಂದು ಇನ್ನೂ ತಿಂಗಳು ತುಂಬಿಲ್ಲ. ಆ ದ್ವೀಪದಲ್ಲಿ ಬಸ್ಸೋ ಅಂಗಡಿಯೋ, ಒಳಗೆ ಕಾಲಿಟ್ಟವರು ಮೊದಲು ಅಲ್ಲಿರುವವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಬೇಕು. ಹೇಳದಿದ್ದರೆ ಮನೆಯಲ್ಲಿ ಬುದ್ಧಿ ಕಲಿಸಿಲ್ಲ ಎಂದೇ ಲೆಕ್ಕ. ಅಲ್ಲಿಗೆ ಹೊಸದಾಗಿ ಹೋದಾಗ ಸುಗುಣಾಳೇ ಸುಮ್ಮನೆ ಬಸ್ಸು ಹತ್ತಿ ಕೂತು, ಪಕ್ಕದ ಅಜ್ಜಿಯೊಬ್ಬಳಿಂದ "ರಾತ್ರಿ ನಮ್ಮನೇಲೇ ಮಲಗಿದ್ಯಾ, ಬೆಳಿಗ್ಗೆ ಮಾತಾಡಿಸದೆ ಕೂರೋಕೆ?" ಎಂದು ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದಳು. ಮಗಳಿಗೆ ಆ ಪಾಠ ಕಲಿಸಿದವಳೂ ಅವಳೇ.

ಈಗ ಅದೇ ಬಾಯಿಂದ ಬೇರೆ ಪಾಠ. ಶಾಲೆಯ ಗೇಟಿನ ಹತ್ತಿರ ಮಗಳನ್ನು ನಿಲ್ಲಿಸಿ ಮೆಲ್ಲಗೆ ಹೇಳಿದಳು. "ನಾಳೆಯಿಂದ ಬಸ್ಸಲ್ಲಿ ಹಾಗೆಲ್ಲ ಹೇಳ್ಬೇಡ ಪುಟ್ಟಿ. ಎಲ್ಲರೂ ನಮ್ಮನ್ನೇ ನೋಡ್ತಾರೆ."

"ಯಾರೂ ನೋಡಲ್ಲಮ್ಮ," ಎಂದಳು ನಿವೇದಿತಾ. "ನನ್ನ ವಾಯ್ಸ್ ಇಲ್ಲಿ ಯಾರಿಗೂ ಕೇಳ್ಸಲ್ಲ."

ಸುಗುಣಾಳಿಗೆ ಸಂಕಟವಾಯಿತು. ಆದರೂ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಅಂದು ಸಂಜೆ ಮನೆಯಲ್ಲೂ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅಷ್ಟೇ. ಇಲ್ಲಿಗೆ ಕರೆತಂದು ಇವಳ ಬಾಯಿ ನಾನೇ ಕಟ್ಟಿದೆನಲ್ಲ ಎಂದು ತಾಯಿಗೆ ಊಟ ಸೇರಲಿಲ್ಲ.

ಮರುದಿನ ನಿವೇದಿತಾ ತುಟಿ ಬಿಗಿಹಿಡಿದು, ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿ ಕೂತಳು. ಬಸ್ಸು ಹೊರಡಲಿಲ್ಲ. ಬಾಗಿಲೂ ಮುಚ್ಚಲಿಲ್ಲ. ಬಿಳಿ ಮೀಸೆಯ ಡ್ರೈವರು ಕನ್ನಡಿಯಲ್ಲಿ ಹುಡುಗಿಯನ್ನೇ ನೋಡುತ್ತಿದ್ದ. ಕೊನೆಗೆ ಸುಗುಣಾಳತ್ತ ತಿರುಗಿ, ಮಗುವಿಗೆ ಹುಷಾರಿಲ್ಲವೇ ಎಂದು ಕೇಳಿದ. ದಿನಾ ಅವಳ ಗುಡ್ ಮಾರ್ನಿಂಗ್ ಕೇಳಿಸಿಕೊಂಡೇ ಬಾಗಿಲು ಹಾಕುವುದು ತನಗೆ ಅಭ್ಯಾಸವಾಗಿಬಿಟ್ಟಿದೆ ಎಂದ.

ಸುಗುಣಾಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಕಂಬ ಹಿಡಿದು ನಿಂತು, ಇಡೀ ಬಸ್ಸಿನತ್ತ ತಿರುಗಿ ತಾನೇ "ಗುಡ್ ಮಾರ್ನಿಂಗ್" ಎಂದಳು. ದನಿ ಜೋರಾಗಿ ಹೊರಡಲಿಲ್ಲ. ಡ್ರೈವರು ಗಟ್ಟಿಯಾಗಿ ಉತ್ತರ ಕೊಟ್ಟ. ಹಿಂದಿನ ಹೆಂಗಸರಲ್ಲಿ ಒಬ್ಬಳು ಹೇಳಿದಳು, ಅವಳ ಹಿಂದೆಯೇ ಇನ್ನೊಬ್ಬಳು. ಕಿವಿ ಮುಚ್ಚಿಕೊಂಡಿದ್ದ ಹುಡುಗ ಮಾತ್ರ ಏನಾಯಿತೆಂದು ತಿಳಿಯದೆ ಅವರಿವರ ಮುಖ ನೋಡಿದ. ನಿವೇದಿತಾ ತಲೆ ಎತ್ತಿದಳು.

"ನಾಳೆ ನಾನೇ ಹೇಳ್ತೀನಿ," ಎಂದಳು ಅಮ್ಮನ ಕಿವಿಯಲ್ಲಿ. "ನಿಂದು ತುಂಬಾ ಸಾಫ್ಟ್ ಆಯ್ತು."

ಮಾರನೆಯ ಬೆಳಿಗ್ಗೆ ಬಸ್ಸು ಸ್ಟಾಪಿಗೆ ಬಂದು ನಿಲ್ಲುತ್ತಿದ್ದಂತೆ ಅವಳು ಅಮ್ಮನ ಕೈ ಜಗ್ಗಿ ಕಿಟಕಿಯತ್ತ ತೋರಿಸಿದಳು. ಮುಂದಿನ ಸೀಟಿನ ಹುಡುಗ ಕಿವಿಯಿಂದ ಇಯರ್‌ಬಡ್ಡು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ.